ಡೇಟ್ ಸಿಕ್ಕಿತು ಅಂತ ಮಂಚ ಹಿಡಿಸಬೇಡಿ

ಮಂಡಿ ಬದಲಿಸುವ ಆಪರೇಷನ್‌ಗೆ ಡೇಟ್ ಸಿಕ್ಕ ಕೂಡಲೇ ಮನೆಯವರೆಲ್ಲ ಹೇಳುವುದು ಒಂದೇ ಮಾತು. "ಇನ್ನು ನೀವು ಏನೂ ಮಾಡ್ಬೇಡಿ ಅತ್ತೆ, ಸುಮ್ನೆ ಕೂತ್ಕೊಳ್ಳಿ." ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಕಾಲಿಗೆ ಅದರಿಂದ ನಷ್ಟವೇ ಜಾಸ್ತಿ.

ಡಾಕ್ಟರು ಬದಲಿಸುವುದು ಸವೆದ ಕೀಲನ್ನು. ಆ ಕೀಲನ್ನು ನಡೆಸುವುದು ತೊಡೆಯ ಮುಂಭಾಗದ ಸ್ನಾಯು. ನೋವಿಗೆ ಹೆದರಿ ವರ್ಷಗಟ್ಟಲೆ ಕಾಲು ಬಳಸದೆ ಅದು ಮೊದಲೇ ಸೊರಗಿರುತ್ತದೆ. ಆಪರೇಷನ್ ಆದ ಮೊದಲ ತಿಂಗಳಲ್ಲಿ ಇದ್ದ ಶಕ್ತಿಯಲ್ಲೂ ಹೆಚ್ಚುಕಡಿಮೆ ಅರ್ಧ ಹೋಗುತ್ತದೆ. ಹಾಗಾಗಿ ಆಪರೇಷನ್‌ಗೆ ಹೋಗುವಾಗ ತೊಡೆಯಲ್ಲಿ ಎಷ್ಟು ಬಲ ಇದೆ ಅನ್ನುವುದು ಮುಖ್ಯ. ಮಂಡಿ ಮಡಚುವುದೂ ಅಷ್ಟೇ. ಮೊದಲು ಚೆನ್ನಾಗಿ ಮಡಚುತ್ತಿದ್ದವರಿಗೆ ಆಮೇಲೂ ಚೆನ್ನಾಗಿ ಬರುವ ಸಾಧ್ಯತೆ ಹೆಚ್ಚು.

ನಮ್ಮ ಅತ್ತೆಗೆ ಆಸ್ಪತ್ರೆಯಲ್ಲಿ ಶುಗರ್, ಬಿಪಿ, ರಕ್ತ, ಇಸಿಜಿ ಎಲ್ಲ ಬರೆದುಕೊಟ್ಟರು. ವ್ಯಾಯಾಮದ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾವೇ ಬೇರೆ ಕಡೆ ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಸ್ಟ್ (ಫಿಸಿಯೋ) ಹುಡುಕಿಕೊಂಡು ಹೋದೆವು. ಆಕೆ ಹೇಳಿಕೊಟ್ಟದ್ದು ಬಹಳ ಸರಳ. ಮಂಚದ ಮೇಲೆ ಕಾಲು ಚಾಚಿ, ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮಂಡಿಯಿಂದ ಅದನ್ನು ಕೆಳಕ್ಕೆ ಒತ್ತಿ ಐದು ಎಣಿಸಬೇಕು. ಮೊದಮೊದಲು ತೊಡೆ ಮೇಲೆ ಕೈಯಿಟ್ಟರೆ ಮೆತ್ತಗೇ ಇರುತ್ತಿತ್ತು. ಬರಬರುತ್ತಾ ಒತ್ತಿದಾಗ ಗಟ್ಟಿಯಾಗುವುದು ಕೈಗೆ ತಿಳಿಯತೊಡಗಿತು. ಇನ್ನೊಂದು, ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು. ಜೊತೆಗೆ ವಾಕರ್ ಹಿಡಿದು ನಡೆಯುವ ಅಭ್ಯಾಸ.

ಆಪರೇಷನ್ ಮಾರನೇ ದಿನ ವಾಕರ್ ಕೊಟ್ಟು ನಿಲ್ಲಿಸಿದಾಗ ನೋವು ಇದ್ದೇ ಇತ್ತು. ಆದರೆ ಏನು ಮಾಡಬೇಕು ಅಂತ ಅವರಿಗೆ ಗೊತ್ತಿತ್ತು, ಗಾಬರಿ ಬೀಳಲಿಲ್ಲ.

ವರ್ಷ ಕಳೆದ ಮೇಲೆ ಮೊದಲೇ ವ್ಯಾಯಾಮ ಮಾಡಿದವರಿಗೂ ಮಾಡದವರಿಗೂ ದೊಡ್ಡ ವ್ಯತ್ಯಾಸ ಕಾಣದು ಅಂತ ಹಲವು ಅಧ್ಯಯನಗಳು ಹೇಳುತ್ತವೆ. ಲಾಭ ಹೆಚ್ಚಾಗಿ ಕಾಣುವುದು ಶುರುವಿನ ವಾರಗಳಲ್ಲಿ. ನನಗೆ ಆ ವಾರಗಳೇ ದೊಡ್ಡವು. ರಾತ್ರಿ ಬಾತ್‌ರೂಮಿಗೆ ಹೋಗಲು ಇನ್ನೊಬ್ಬರನ್ನು ಎಬ್ಬಿಸಬೇಕಾದ ಸಂಕೋಚ ಎಷ್ಟು ಅಂತ ಹಿರಿಯರನ್ನೇ ಕೇಳಿ. ಕಮೋಡಿನಿಂದ ತಾವೇ ಏಳಲು ಬಂದರೆ ಅದೇ ಅರ್ಧ ಗೆಲುವು ಅಲ್ವಾ?

ಒಳಗೆ ಕೂರಿಸುವ ಕೃತಕ ಕೀಲು, ಅಂದರೆ ಇಂಪ್ಲಾಂಟ್, ಯಾವ ಕಂಪನಿಯದ್ದು, ಎಷ್ಟು ವರ್ಷ ಬಾಳಿಕೆ ಬರುತ್ತದೆ ಅಂತ ಹತ್ತು ಜನರನ್ನು ವಿಚಾರಿಸುತ್ತೇವೆ. ಡೇಟ್ ಕೊಟ್ಟ ದಿನವೇ ಫಿಸಿಯೋ ಬಳಿಗೂ ಚೀಟಿ ಬರೆಸಿಕೊಳ್ಳಿ. ಹೃದಯದ ತೊಂದರೆ ಇದ್ದರೆ ಅದನ್ನು ಫಿಸಿಯೋಗೆ ಮೊದಲೇ ಹೇಳಿ. ವ್ಯಾಯಾಮ ಮಾಡಿ ಮಂಡಿ ಊದಿಕೊಂಡರೆ ಪೂರ್ತಿ ನಿಲ್ಲಿಸಿ ಕೂರಬೇಡಿ, ಎಷ್ಟು ಕಡಿಮೆ ಮಾಡಬೇಕು ಅಂತ ಅವರನ್ನೇ ಕೇಳಿ.