ಹಿಂದಕ್ಕೆ ಅನ್ನುವ ಒಂದು ಬಟನ್

"ಐದು ಹಂತದ ವೆಬ್ ಫಾರ್ಮ್ ತಾನೇ, ಎರಡು ದಿನ ಸಾಕು" ಅಂದವನು ನಾನೇ. ಈಗ ಮೂರನೇ ವಾರ. ಹೊಸದಾಗಿ ತುಂಬಿಸುವುದಕ್ಕೆ ತಕರಾರಿಲ್ಲ, ಮೊದಲೇ ಇರುವ ಜೇಸನ್ (JSON, ತುಂಬಿದ ಡೇಟಾವನ್ನು ಪಠ್ಯವಾಗಿ ಬರೆದಿಡುವ ರೂಪ) ತೆರೆದು ತಿದ್ದಬೇಕು ಅಂದಾಗ ಶುರುವಾಗುತ್ತದೆ ನೋಡಿ ಪೀಕಲಾಟ. ಒಂದನೇ ಹಂತದಲ್ಲಿ 'ಮದುವೆಯಾಗಿದೆ' ಅಂತ ಆರಿಸಿ, ಮೂರನೆಯದರಲ್ಲಿ ಸಂಗಾತಿಯ ವಿವರವೆಲ್ಲ ತುಂಬಿ, ಆಮೇಲೆ ಹಿಂದಕ್ಕೆ ಹೋಗಿ 'ಆಗಿಲ್ಲ' ಅಂತ ಬದಲಿಸಿದರೆ ಆ ವಿವರವನ್ನು ಏನು ಮಾಡಬೇಕು? ಅಳಿಸಿದರೆ, ಕೈತಪ್ಪಿ ಒತ್ತಿದವರು ಬೈಯುತ್ತಾರೆ. ಉಳಿಸಿದರೆ, ಕಣ್ಣಿಗೆ ಕಾಣದ ಆ ಡೇಟಾ ಸರ್ವರ್‌ಗೆ ಹೋಗಿ 400 ಎರರ್ ('ಕಳಿಸಿದ್ದು ಸರಿಯಿಲ್ಲ' ಅನ್ನುವ ಸರ್ವರ್‌ನ ಉತ್ತರ) ಹೊತ್ತು ತರುತ್ತದೆ, ಅದೂ ಕೊನೇ ಹಂತದಲ್ಲಿ, ಎಲ್ಲ ತುಂಬಿದ ಮೇಲೆ!

ಮಕ್ಕಳ ಪಟ್ಟಿಯದು ಇನ್ನೊಂದು ಕಥೆ. ರಿಯಾಕ್ಟ್‌ ಅನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಪ್ರತಿ ಸಾಲನ್ನು ಗುರುತಿಸುವ ಕೀ ಜಾಗಕ್ಕೆ ಇಂಡೆಕ್ಸ್, ಅಂದರೆ ಸಾಲಿನ ಕ್ರಮಸಂಖ್ಯೆ, ಕೊಟ್ಟಿದ್ದೆ (ಹೌದು, ತಪ್ಪು ನನ್ನದೇ), ಎರಡನೇ ಮಗುವಿನ ಸಾಲು ಅಳಿಸಿದರೆ ಪರದೆಯಿಂದ ಮಾಯವಾಗಿದ್ದು ಮೂರನೆಯದು. ಇನ್ನು ಬ್ರೌಸರ್‌ನ ಬ್ಯಾಕ್ ಒತ್ತಿದರೆ ಒಂದು ಹಂತ ಹಿಂದೆ ಹೋಗುವುದಿಲ್ಲ, ಇಡೀ ಫಾರ್ಮೇ ಹೋಗುತ್ತದೆ. ಜನ ಒತ್ತುವುದೂ ಅದನ್ನೇ ಜಾಸ್ತಿ, ನಾನು ಅಷ್ಟು ಚೆಂದ ಮಾಡಿಟ್ಟ 'ಹಿಂದಕ್ಕೆ' ಬಟನ್ ಯಾರಿಗೂ ಬೇಡ.

ಬೆಳಿಗ್ಗೆ ಮೆಸೇಜ್ ಬಂದಿದೆ: "ಮಧ್ಯದಲ್ಲಿ ಸುಮ್ನೆ ಇನ್ನೊಂದು ಹಂತ ಸೇರಿಸಬಹುದು ಅಲ್ವಾ?" ಇನ್ನೂ ಉತ್ತರ ಕೊಟ್ಟಿಲ್ಲ.