ನಾವಿಬ್ಬರೂ ಅಂದ್ರೆ ಯಾರ್ಯಾರು?

ಮಲಗುವ ಕೋಣೆಯ ಸಾಮಾನುಗಳಿಗೆ, ಅಂದ್ರೆ ಹಾಸಿಗೆ ದಿಂಬಿಗಲ್ಲ, ಗಂಡ ಹೆಂಡಿರ ಸುಖಕ್ಕೆ ಅಂತ ಮಾರುವಂಥವಕ್ಕೆ, ಜನ ಬರೆಯುವ ರಿವ್ಯೂಗಳನ್ನು ನೀವು ಓದಿದ್ದೀರಾ ಅಂತ ನಾನು ಕೇಳುವುದಿಲ್ಲ. ಓದಿದ್ದರೂ ಇಲ್ಲ ಅಂತಲೇ ಹೇಳ್ತೀರಿ. ನಾನಂತೂ ಓದಿದ್ದೇನೆ. ನಿದ್ದೆ ಬಾರದ ಒಂದು ರಾತ್ರಿ, ಪಕ್ಕದಲ್ಲಿ ನಮ್ಮವರು ಗೊರಕೆ ಹೊಡೆಯುತ್ತಿದ್ದಾಗ, ಮುಸುಕಿನೊಳಗೆ ಫೋನ್ ಹಿಡಿದು ಒಂದಾದ ಮೇಲೊಂದು ಓದಿದೆ. ಎಲ್ಲವೂ ಅರ್ಥವಾಯಿತು, ಒಂದು ಮಾತು ಬಿಟ್ಟು. "ನಾವಿಬ್ಬರೂ ತುಂಬಾ ಇಷ್ಟಪಟ್ಟೆವು. 5 ಸ್ಟಾರ್."

ಇಬ್ಬರೂ? ಒಂದೇ ಸಲಕ್ಕೆ? ಒಂದೇ ಅಳತೆಯಲ್ಲಿ? ಮದುವೆಯಾಗಿ 11 ವರ್ಷವಾಯಿತು, ರಾತ್ರಿ ಫ್ಯಾನು 3ರಲ್ಲಿರಬೇಕೋ 4ರಲ್ಲಿರಬೇಕೋ ಅನ್ನುವುದೇ ನಮ್ಮಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಅಂಥದ್ದರಲ್ಲಿ ಇಂಥ ವಿಷಯಕ್ಕೆ ಇಬ್ಬರು ಕೂತು ಮಾತಾಡಿ, ಒಂದೇ ಅಂಕಿಗೆ ಒಪ್ಪಿ, ಅದನ್ನು ಬರೆದೂ ಬಿಡುತ್ತಾರೆ ಅಂದ್ರೆ ನಂಬೋದು ಹೇಗೆ? ಇವನ್ನೆಲ್ಲ ಬರೆಯುವುದು ಒಬ್ಬರೇ, ಇನ್ನೊಬ್ಬರು ಗೊರಕೆ ಹೊಡೆಯುತ್ತಿರುವಾಗ, ಅಂತ ನನಗೆ ಗುಮಾನಿ.

ಬೆಳಗ್ಗೆ ನಮ್ಮವರಿಗೆ ಹೇಳಿದೆ. ನಾಚಿಕೊಳ್ಳಬಹುದು ಅಂದುಕೊಂಡಿದ್ದೆ. ನಾಚಿಕೊಳ್ಳಲಿಲ್ಲ. ಹುರುಪು ಬಂತು. ಅದು ಇನ್ನೂ ಅಪಾಯ. ಟಾರ್ಚ್ ಕೊಂಡರೂ ಅದರ ಮ್ಯಾನ್ಯುಯಲ್ಲನ್ನು ಮೊದಲ ಪುಟದಿಂದ ಓದುವ ಮನುಷ್ಯ ಇವರು. "ಸರಿಯಾಗಿ ಟೆಸ್ಟ್ ಮಾಡಿ ನಾವೇ ಬರೆಯೋಣ" ಅಂದವರೇ ಹಳೇ ಡೈರಿ ತಂದು ಸ್ಕೇಲ್ ಇಟ್ಟು ಗೆರೆ ಎಳೆದರು. ಎಡಕ್ಕೆ 'ಅವಳು'. ನಡುವೆ 'ನಾನು'. ಬಲಕ್ಕೆ 'ನಾವಿಬ್ಬರೂ'. ಬಲಗಡೆಯ ಕಾಲಂ ತುಂಬಿಸುವುದೇ ಗುರಿ.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ನಮ್ಮದು ಮಲಗಿದ ಮೇಲೆ ಶುರುವಾಯಿತು.

ಮೊದಲು ತರಿಸಿದ್ದು ಲೂಬ್ರಿಕೆಂಟ್. ಜಾರುವ ಜೆಲ್ಲು. ಇದರಲ್ಲಿ ಎಡವಟ್ಟು ಆಗೋಕೆ ಏನಿದೆ ಅಂತ ನಾವೂ ಅಂದುಕೊಂಡಿದ್ದೆವು. ಬಾಟಲಿಯ ಮುಚ್ಚಳ ತೆಗೆಯುವ ಮೊದಲು ನಮ್ಮವರು ಪಾಠ ಶುರು ಮಾಡಿದರು. ಇದರಲ್ಲಿ ಮೂರು ಥರ. ನೀರಿನದು, ಸಿಲಿಕೋನಿನದು, ಎಣ್ಣೆಯದು. ಎಣ್ಣೆಯದು ಲೇಟೆಕ್ಸ್ ಕಾಂಡೋಮನ್ನು ಹಾಳು ಮಾಡುತ್ತದೆ, ಹಾಗಾಗಿ ಅವೆರಡನ್ನೂ ಜೊತೆಗೆ ಸೇರಿಸಬಾರದು. ನೀರಿನದು ಎಲ್ಲದಕ್ಕೂ ಹೊಂದುತ್ತದೆ, ಆದರೆ ಬೇಗ ಒಣಗುತ್ತದೆ. ಸಿಲಿಕೋನಿನದು ಬೇಗ ಒಣಗುವುದೂ ಇಲ್ಲ, ಬರೀ ನೀರಿಗೆ ಹೋಗುವುದೂ ಇಲ್ಲ. ಇಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. 1904ರಲ್ಲಿ ಕೆ-ವೈ ಜೆಲ್ಲಿ ಅನ್ನುವ ಇಂಥದ್ದೇ ಜೆಲ್ಲು ಬಂದಾಗ ಅದನ್ನು ಮಾಡಿದ್ದು ಡಾಕ್ಟರುಗಳಿಗೆ, ಆಪರೇಷನ್ ಸಲಕರಣೆಗಳಿಗೆ ಹಚ್ಚುವುದಕ್ಕೆ ಅಂತಲೂ ಸೇರಿಸಿದರು. ಆ ಹೊತ್ತಲ್ಲಿ ಆಪರೇಷನ್ ಮಾತು ಯಾರಿಗೆ ಬೇಕಿತ್ತು? ಪಾಠ ಮುಗಿಯುವಷ್ಟರಲ್ಲಿ ನನಗೆ ಒಂದು ಜೊಂಪು ಹತ್ತಿ ಇಳಿದಿತ್ತು.

ನೀರಿನದಕ್ಕೆ ನಾನು 4 ಕೊಟ್ಟೆ, ಅವರು 3. ಆಗಾಗ ಮತ್ತೆ ಮತ್ತೆ ಹಚ್ಚಬೇಕು ಅನ್ನುವುದು ಅವರ ತಕರಾರು. ಹಾಗಾಗಿ ಸಿಲಿಕೋನಿನದನ್ನು ತರಿಸಿದೆವು. ಒಂದು ರಾತ್ರಿ ಅದರ ಬಾಟಲಿ ಮಂಚದ ಪಕ್ಕ ಉರುಳಿ, ಸದ್ದಿಲ್ಲದೆ ನೆಲದ ಮೇಲೆ ಸುರಿದಿದೆ. ಇಬ್ಬರಿಗೂ ಗೊತ್ತಿಲ್ಲ. ನಮ್ಮವರು ಲೈಟ್ ಆರಿಸಲು ಎದ್ದರು. ಒಂದು ಕಾಲು ಕೆಳಗಿಟ್ಟರು. ಆಮೇಲೆ ಮಂಚದಿಂದ ಬೀರುವಿನ ತನಕ ಒಂದೂ ಹೆಜ್ಜೆ ಇಡದೆ ಹೋದರು. ಮೈಮೇಲೆ ಒಂದು ಟವೆಲ್ಲು, ಮುಖದಲ್ಲಿ ಮೆರವಣಿಗೆಯ ರಥದ ಗಾಂಭೀರ್ಯ. ಬೀರು ಢಂ ಅಂತು. ನಾನು ಗಾಬರಿಯಾಗಿ ಸಹಾಯಕ್ಕೆ ಹೋದೆ. ಅಂದ್ರೆ ಹೊರಟೆ, ಮಿಕ್ಕಿದ್ದನ್ನು ನೆಲವೇ ನೋಡಿಕೊಂಡಿತು. ಅವರು ಬೀರು ಹಿಡಿದಿದ್ದರು, ನಾನು ಅವರ ಟವೆಲ್ಲು ಹಿಡಿದೆ.

ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಒರೆಸಿದಷ್ಟೂ ನುಣುಪು. ಪಾಠ ಮಾಡಿದವರಿಗೇ ಪಾಠ ನೆನಪಿರಲಿಲ್ಲ: ಬರೀ ನೀರಿಗೆ ಅದು ಜಗ್ಗುವುದಿಲ್ಲ, ಸೋಪು ಬೇಕು. ಎರಡು ದಿನ ಮನೆಯಲ್ಲಿ ಗೋಡೆ ಹಿಡಿದುಕೊಂಡೇ ಓಡಾಡಿದೆವು. ಡೈರಿಯಲ್ಲಿ ನಾನು 2 ಬರೆದೆ. ಅವರು 5. ಯಾಕೆ ಅಂತ ನೋಡಿದರೆ ಪಕ್ಕದಲ್ಲಿ ಕಾರಣ ಬರೆದಿದ್ದರು: "ಬೀರುವಿನ ಬಾಗಿಲು ಈಗ ಕಿರ್ ಅನ್ನುವುದಿಲ್ಲ." ಉಳಿದದ್ದನ್ನು ಬಾಗಿಲ ಕೀಲುಗಳಿಗೆ ಹಚ್ಚಿದ್ದರಂತೆ.

ಆಮೇಲೆ ಬಂದ 'ತಣ್ಣಗೆ ಜುಮ್ಮೆನ್ನುವ' ಜೆಲ್ಲಿನ ಬಗ್ಗೆ ಹೆಚ್ಚೇನೂ ಹೇಳೋದಿಲ್ಲ. ಅದರಲ್ಲಿ ಇರುವುದು ಮೆಂಥಾಲ್. ಬೆನ್ನುನೋವಿನ ಮುಲಾಮಿನಲ್ಲೂ ಇರುವುದು ಅದೇ. ಮುಚ್ಚಳ ತೆಗೆದ ತಕ್ಷಣ ಕೋಣೆ ತುಂಬ ಶೀತವಾದವರ ಮನೆಯ ವಾಸನೆ. ಬೀರುವಿಗೆ ಬಡಿದ ಬೆನ್ನಿಗೆ ತಿಕ್ಕಿಕೊಟ್ಟೆ, ಹಾಯಾಗಿ ನಿದ್ದೆ ಹೋದರು. ಅವರದು 5, ನನ್ನದು 0.

ಇನ್ನು ವೈಬ್ರೇಟರ್. ನಡುಗಿ ಸುಖ ಕೊಡುವ ಯಂತ್ರ. ಮೊದಲನೆಯದರ ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿ 'ಫಾರ್ ನಾವೆಲ್ಟಿ ಯೂಸ್ ಓನ್ಲಿ' ಅಂತಿತ್ತು. ಅಂದ್ರೆ ಬರೀ ತಮಾಷೆಗೆ. ಮೈಗೆ ತಾಗುವ ವಸ್ತು ಅಂತ ಒಪ್ಪಿಕೊಂಡರೆ ಜವಾಬ್ದಾರಿ ಬರುತ್ತದೆ ನೋಡಿ, ಅದಕ್ಕೆ ಹೀಗೊಂದು ಜಾಣತನ. ನಮ್ಮವರು ಕೆಂಡವಾದರು. ಇಂಥ ಸಾಮಾನು ಎಷ್ಟು ಸುರಕ್ಷಿತವಾಗಿರಬೇಕು ಅಂತ ಐಎಸ್‌ಒ ನಿಯಮ ಬಂದಿದ್ದೇ 2021ರಲ್ಲಿ. ಅದರ ನಂಬರು 3533. ಮದುವೆಯ ತಾರೀಖು ಮರೆಯುವವರಿಗೆ ಈ ನಂಬರು ಬಾಯಿಪಾಠ. ಮೆತ್ತಗೆ ರಬ್ಬರಿನಂತಿದ್ದು, ಘಾಟು ವಾಸನೆ ಬೀರುತ್ತಿದ್ದ ಆ ತಮಾಷೆಯನ್ನು ಕಸಕ್ಕೆ ಹಾಕಿ, ಒಳ್ಳೆಯ ಸಿಲಿಕೋನಿನದನ್ನು ತರಿಸಿದೆವು.

ಅದರ ಮೇಲೆ ಐಪಿಎಕ್ಸ್7 ಅಂತ ಬರೆದಿತ್ತು. 1 ಮೀಟರ್ ನೀರಿನಲ್ಲಿ 30 ನಿಮಿಷ ಇಟ್ಟರೂ ಒಳಗೆ ನೀರು ಹೋಗುವುದಿಲ್ಲ ಅಂತ ಅರ್ಥ. ಓದಿ ಸುಮ್ನಿರಬಹುದಿತ್ತು. ಇವರು ಬಚ್ಚಲಲ್ಲಿ ಬಕೆಟ್ ತುಂಬಿಸಿ, ಅದನ್ನು ಮುಳುಗಿಸಿ, ಗಡಿಯಾರ ನೋಡುತ್ತಾ ಸ್ಟೂಲ್ ಹಾಕಿಕೊಂಡು ಕೂತರು. ಬಕೆಟ್ಟು 1 ಮೀಟರ್ ಆಳ ಇಲ್ಲ ಅನ್ನುವ ಕೊರಗು ಬೇರೆ. ನಾನು ಒಳಗೆ ಕಾದೆ. ಅರ್ಧ ಗಂಟೆ ಕಾದೆ. "ಪಾಸಾಯ್ತು!" ಅಂತ ಅವರು ಹೊರಗೆ ಬಂದಾಗ ನಾನು ಹೊದ್ದು ಮಲಗಿದ್ದೆ. ಆ ದಿನದ ಅಂಕ: ಅವರು 5, ನಾನು ಡೈರಿ ಮುಟ್ಟಲಿಲ್ಲ.

ಮಾರನೇ ದಿನ ಅದನ್ನು ನಿಜವಾಗಿ ಬಳಸಿದೆವು. ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಯಂತ್ರಕ್ಕೆ ಇದ್ದದ್ದು ಒಂದೇ ಬಟನ್ನು, ನಡುಕದ ಬಗೆ ಮಾತ್ರ 10. ಒತ್ತಿದಂತೆಲ್ಲ ಮುಂದಿನದು. ನನಗೆ 3ನೆಯದು ಹಿಡಿಸಿತು. ಅಷ್ಟರಲ್ಲಿ ಬೆರಳು ತಾಗಿ 4ಕ್ಕೆ ಹೋಯಿತು. ಹಿಂದಕ್ಕೆ ಬರಲು ದಾರಿ ಇಲ್ಲ. 5, 6, 7 ಅಂತ ಊರೆಲ್ಲ ಸುತ್ತಿಕೊಂಡು ಬರಬೇಕು. 8ನೆಯದು ಹಳೇ ಸ್ಕೂಟರ್ ಸ್ಟಾರ್ಟ್ ಆಗದೆ ಒದ್ದಾಡಿದ ಹಾಗೆ. 9ಕ್ಕೆ ಬಂದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಸರಿ, 3ಕ್ಕೆ ವಾಪಸ್ ಬಂದಾಗ ಯಾಕೆ ಹೊರಟಿದ್ದೆವು ಅನ್ನುವುದೇ ಮರೆತಿತ್ತು. ಇದನ್ನು ಮಾಡಿದವರು ಯಾರೋ, ಕತ್ತಲಲ್ಲಿ ಒಮ್ಮೆಯೂ ಬಳಸಿಲ್ಲ, ಬರೆದು ಕೊಡ್ತೀನಿ.

ನಗು ನಿಂತ ಮೇಲೆ ನಮ್ಮವರು ಇತಿಹಾಸ ತೆಗೆದರು. ಹಿಂದಿನ ಕಾಲದಲ್ಲಿ ಡಾಕ್ಟರುಗಳು ಹಿಸ್ಟೀರಿಯಾ ಅನ್ನುವ ಕಾಯಿಲೆ ಅಂತ ಬಂದ ಹೆಂಗಸರಿಗೆ ಕೈಯಲ್ಲೇ ಉಜ್ಜಿ ಚಿಕಿತ್ಸೆ ಕೊಟ್ಟು ಕೊಟ್ಟು ಕೈ ಸೋತು ವೈಬ್ರೇಟರ್ ಕಂಡುಹಿಡಿದರು ಅನ್ನುವ ಕಥೆ. ನೀವೂ ಕೇಳಿರಬಹುದು. ನನಗೆ ಯಾಕೋ ಅನುಮಾನ ಬಂದು, ಅಲ್ಲೇ ಫೋನ್ ತೆಗೆದು ಹುಡುಕಿದೆ. 1999ರ ಒಂದು ಪುಸ್ತಕದಿಂದ ಈ ಕಥೆ ಹಬ್ಬಿದ್ದು. 2018ರಲ್ಲಿ ಇಬ್ಬರು ಸಂಶೋಧಕರು ಅದರ ಆಧಾರಗಳನ್ನೆಲ್ಲ ಜಾಲಾಡಿ, ಇದಕ್ಕೆ ಪುರಾವೆ ಇಲ್ಲ ಅಂದಿದ್ದಾರೆ. 1880ರ ದಶಕದಲ್ಲಿ ವಿದ್ಯುತ್ ವೈಬ್ರೇಟರ್ ಮಾಡಿದ ಇಂಗ್ಲಿಷ್ ಡಾಕ್ಟರ್ ಗ್ರಾನ್‌ವಿಲ್ ಅದನ್ನು ನರದ ತೊಂದರೆ, ನೋವುಗಳಿಗೆ ಅಂತ ಮಾಡಿದ್ದು. ಹೆಂಗಸರಿಗೆ ಬಳಸುವುದನ್ನು ತಾನು ತಪ್ಪಿಸುತ್ತೇನೆ ಅಂತ ಅವನೇ ಬರೆದಿದ್ದಾನೆ. "ನೋಡಿ, ಸುಳ್ಳು" ಅಂದೆ. ನಮ್ಮವರ ಮುಖ ಸಣ್ಣದಾಯಿತು. ಹಾಸಿಗೆಯಲ್ಲಿ ಗಂಡನ ತಪ್ಪು ಹಿಡಿದು ಗೆದ್ದ ಹೆಂಡತಿಗೆ ಆ ರಾತ್ರಿ ಇನ್ನೇನೂ ಸಿಗುವುದಿಲ್ಲ.

ನಮ್ಮ ವೈಬ್ರೇಟರಿನ ನಿಜವಾದ ಪ್ರತಾಪ ತಿಳಿದದ್ದು ವಾರದ ನಂತರ. ಮನೆಗೆ ನೆಂಟರು ಬಂದಿದ್ದರು. ಹಿರಿಯರು, ಕಿವಿ ಚುರುಕು. ಮಾತಿನ ನಡುವೆ ಒಳಗಿನಿಂದ ಗುರ್ರ್ ಅಂತ ಸದ್ದು. ಡ್ರಾಯರಿನೊಳಗೆ ಯಾವುದೋ ಡಬ್ಬಿ ಬಟನ್ನಿಗೆ ಒತ್ತಿಕೊಂಡಿರಬೇಕು. ಮೋಟಾರಿಗೆ ಒಂದು ಪಕ್ಕ ಭಾರ ಕಟ್ಟಿ ತಿರುಗಿಸಿದರೆ ನಡುಕ, ಅಷ್ಟೇ ಅದರ ಗುಟ್ಟು. ಫೋನಿನ ವೈಬ್ರೇಷನ್ನೂ ಬಹಳ ಕಾಲ ಅದೇ ಥರದ್ದಾಗಿತ್ತು. ಆದರೆ ಮರದ ಡ್ರಾಯರಿನಲ್ಲಿಟ್ಟರೆ ಅದು ತಂಬೂರಿಯ ಬುರುಡೆಯ ಹಾಗೆ ನಾದ ಎಬ್ಬಿಸುತ್ತದೆ ಅಂತ ಯಾವ ಮ್ಯಾನ್ಯುಯಲ್ಲಿನಲ್ಲೂ ಇರಲಿಲ್ಲ.

"ನಿಮ್ಮ ಫೋನ್ ಬರ್ತಿದೆ" ಅಂದರು ನೆಂಟರು.

"ಬರಲಿ ಬಿಡಿ" ಅಂದೆ.

ಅದು ಬಿಡಲಿಲ್ಲ. "ಏನೋ ಅರ್ಜೆಂಟ್ ಇರಬೇಕಮ್ಮ, ಒಂದೇ ಸಮ ಮಾಡ್ತಿದ್ದಾರೆ" ಅಂತ ಅವರು ಏಳಲು ಹೊರಟರು. ನಮ್ಮವರು ಒಂದೇ ನೆಗೆತಕ್ಕೆ ಕೋಣೆ ಸೇರಿದರು. ಆರಿಸಲು ಬಟನ್ನನ್ನು 3 ಸೆಕೆಂಡ್ ಒತ್ತಿ ಹಿಡಿಯಬೇಕು. ಗಾಬರಿಯಲ್ಲಿ ಇವರು ಟಕಟಕ ಒತ್ತಿದರು. ನಾವು ಹೊರಗೆ ಕೂತು 4, 5, 6, 7 ಎಲ್ಲವನ್ನೂ ಕ್ರಮವಾಗಿ ಕೇಳಿದೆವು. 8ಕ್ಕೆ ನೆಂಟರು "ರಿಂಗ್‌ಟೋನು ಬೇರೆ ಥರ ಇದೆ" ಅಂದರು.

ಮುಂದಿನದು ಫೋನಿನ ಆ್ಯಪ್‌ನಿಂದ ನಡೆಯುವಂಥದ್ದು. ಗೆಳತಿಯೊಬ್ಬಳು ಮದುವೆಯ ವಾರ್ಷಿಕೋತ್ಸವಕ್ಕೆ ಕೊಟ್ಟಳು. ತೆರೆದ ಕೂಡಲೇ ಅದು ಕೇಳಿದ್ದು ನಮ್ಮ ಲೊಕೇಷನ್. ಎಲ್ಲಿದ್ದೀರಿ ಅಂತ ಅದಕ್ಕೆ ಯಾಕೆ? ಎಲ್ಲಿರ್ತೀವಿ, ಮಂಚದ ಮೇಲೆ! ನಾನು ಬೇಡ ಅಂದೆ. ಇಂಥದ್ದೇ ಆ್ಯಪ್ ಒಂದು ಬಳಸುವವರ ಲೆಕ್ಕವನ್ನೆಲ್ಲ, ಯಂತ್ರದ ಬಿಸಿ ಎಷ್ಟು, ನಡುಕ ಎಷ್ಟು ಅನ್ನುವ ತನಕ ಕಂಪನಿಗೆ ಕಳಿಸುತ್ತಿತ್ತು ಅಂತ 2016ರಲ್ಲಿ ಹೊರಬಂದು, ಕೋರ್ಟು ಕಚೇರಿಯಾಗಿ, ಮರುವರ್ಷ ಕಂಪನಿ ಪರಿಹಾರ ಕೊಟ್ಟು ರಾಜಿ ಮಾಡಿಕೊಂಡ ಸಂಗತಿ ನನಗೆ ಗೊತ್ತಿತ್ತು. ನಮ್ಮ ಲೆಕ್ಕ ಕಳಿಸಿದರೆ ಕಂಪನಿಯವರು ಕನಿಕರಪಡುತ್ತಾರೆ, ಅದು ಬೇರೆ ಮಾತು. ಆದರೂ ಮರ್ಯಾದೆ ಅಂತ ಒಂದಿದೆ ಅಲ್ವಾ?

ಹೇಗೋ ಒಪ್ಪಿಸಿದರು. ಆಗ ಅಪ್‌ಡೇಟ್ ಕೇಳಿತು. 14 ಪರ್ಸೆಂಟ್, 15 ಪರ್ಸೆಂಟ್ ಅಂತ ಇಬ್ಬರೂ ಬೆಳ್ಳಗಿನ ಪರದೆಯನ್ನು ನೋಡುತ್ತಾ ಮಲಗಿದ್ದೆವು. ಕೊನೆಗೆ ಕನೆಕ್ಟ್ ಆಯಿತು, ಹತ್ತಿರ ಬಂದಾಗ ತಪ್ಪಿತು. ದೂರ ಹೋದರೆ ಸಿಗುತ್ತದೆ, ಹತ್ತಿರ ಬಂದರೆ ಇಲ್ಲ. ಇಂಥ ಪ್ರಣಯ ನಾನು ಕಂಡಿಲ್ಲ. ಕಾರಣವನ್ನೂ ನಮ್ಮವರೇ ವಿವರಿಸಿದರು: ಬ್ಲೂಟೂತ್ ಅಲೆಯನ್ನು ನೀರು ಹೀರಿಕೊಳ್ಳುತ್ತದೆ, ಮನುಷ್ಯನ ಮೈಯಲ್ಲಿ ನೀರೇ ಜಾಸ್ತಿ, ನಡುವೆ ಮೈ ಅಡ್ಡ ಬಂದರೆ ಸಿಗ್ನಲ್ ಸಾಯುತ್ತದೆ. ಇದನ್ನು ಅವರು ಹೇಳಿದ್ದು ಮಂಚದ ಮೇಲೆ ನಿಂತು, ಫೋನನ್ನು ಸೀಲಿಂಗಿಗೆ ಎತ್ತಿ ಹಿಡಿದು. ನಾನು 1 ಕೊಟ್ಟೆ. ಆ 1 ಕೂಡ ನಿಂತ ಭಂಗಿಗೆ.

ಹೀಗೆ ಡೈರಿಯ ಎಡ ತುಂಬಿತು, ನಡುವೆ ತುಂಬಿತು. ಬಲಗಡೆ ಖಾಲಿ.

ಕೊನೆಯದಾಗಿ ಬಂದದ್ದು ತುಪ್ಪಳದ ಕೈಕೋಳ. ಗುಲಾಬಿ ಬಣ್ಣ, ಸುತ್ತ ಮೊಲದ ಮರಿಯಂಥ ಮೃದು. ಅದಕ್ಕೆ ಮ್ಯಾನ್ಯುಯಲ್ ಇರಲಿಲ್ಲ, ಒಂದು ರಟ್ಟಿನ ಹಿಂದೆ ನಾಲ್ಕು ಸಾಲು ಇತ್ತು, ಅಷ್ಟೇ. ಇಷ್ಟು ಚಿಕ್ಕದಕ್ಕೆ ಓದುವುದೇನು ಅಂತ ನಮ್ಮವರು ಮೊದಲ ಸಲ ಓದದೇ ಬಿಟ್ಟರು. ಮಂಚದ ಸರಳಿಗೆ ತಾವೇ ಕೈ ಸಿಕ್ಕಿಸಿಕೊಂಡರು. ಟಿಕ್ ಅಂತು. ಮುಂದಿನ ವಿವರ ಬೇಡ, ಆದರೆ ನಡುವೆ ಎಲ್ಲೋ ಕೀಲಿ ಹಾಸಿಗೆ ಮತ್ತು ಗೋಡೆಯ ಸಂದಿಗೆ ಬಿತ್ತು. ಠಣ್ ಅಂದದ್ದು ಇಬ್ಬರಿಗೂ ಕೇಳಿಸಿತು.

ಮಂಚ ಜರುಗಿಸಬೇಕು. ಮಂಚದ ಮೇಲೆ ಅವರಿದ್ದಾರೆ, ಇಳಿಯುವ ಹಾಗಿಲ್ಲ. ನಾನು ಒಮ್ಮೆ ನೂಕಿದೆ. ಕದಲಲಿಲ್ಲ.

"ಬೇಗ ಏನಾದ್ರೂ ಮಾಡೇ" ಅಂದರು.

ನಾನು ಡೈರಿ ತಂದೆ. ಸ್ಟೂಲ್ ಎಳೆದುಕೊಂಡು ಕೂತೆ.

"ಇದಕ್ಕೆ ಎಷ್ಟು ಕೊಡ್ತೀರಿ?"

"ಸೊನ್ನೆ! ಕೀಲಿ ಬೀಳುವ ಕೈಕೋಳಕ್ಕೆ ಸೊನ್ನೆ!"

"ನಾನು 5 ಕೊಡೋಣ ಅಂತಿದೀನಿ."

ಕೋಣೆಯಲ್ಲಿ ಸ್ವಲ್ಪ ಹೊತ್ತು ಮೌನ. ಫ್ಯಾನು 4ರಲ್ಲಿ ತಿರುಗುತ್ತಿತ್ತು, ಅವರಿಗೆ ಬೇಕಾದ ಹಾಗೆ. ನಾನು ಎದ್ದು 3ಕ್ಕೆ ಇಳಿಸಿದೆ. ಅವರು ನೋಡುತ್ತಲೇ ಇದ್ದರು.

"3" ಅಂದರು.

ಪೆನ್ನಿನ ಕ್ಯಾಪ್ ತೆಗೆದೆ, ಹಾಕಿದೆ.

"ಸರಿ, 4."

ಕೈಕೋಳದ ತುಪ್ಪಳದ ಕೆಳಗೆ ಒಂದು ಪುಟ್ಟ ತಗಡಿನ ಕಡ್ಡಿ ಇರುತ್ತದೆ. ಬೆರಳಲ್ಲಿ ಒತ್ತಿದರೆ ಸಾಕು, ಕೀಲಿ ಇಲ್ಲದೇ ಬಿಚ್ಚಿಕೊಳ್ಳುತ್ತದೆ. ರಟ್ಟಿನ ಹಿಂದೆ ಎರಡನೇ ಸಾಲಿನಲ್ಲೇ ಬರೆದಿತ್ತು. ನಾನು ಓದಿದ್ದೆ.

ಬಲಗಡೆಯ ಕಾಲಂ ತೆಗೆದು ಬರೆದೆ: "ನಾವಿಬ್ಬರೂ ತುಂಬಾ ಇಷ್ಟಪಟ್ಟೆವು. 5 ಸ್ಟಾರ್." ಗಟ್ಟಿಯಾಗಿ ಓದಿ ಹೇಳಿದೆ. ಅವರು ತಲೆ ಆಡಿಸಿದರು. ಸಹಿ ಹಾಕಲು ಕೈ ಬೇಕಿತ್ತು, ಆಗ ಬಿಚ್ಚಿದೆ.