4 ಮಿಲಿಮೀಟರ್ ಮತ್ತು ಒಂದು ಚೀಲ ಬಂಗುಡೆ

ಬ್ರೇಕ್ ಪ್ಯಾಡು ರಿಮ್ಮಿಗೆ ತಾಗುವುದಿಲ್ಲ ಮಾರಾಯ್ರೆ. ಬರೀ 4 ಮಿಲಿಮೀಟರ್ ಕಮ್ಮಿ. ಮಾವನ ಹಳೇ ಸೈಕಲ್ಲಿಗೆ ಹೊಸ ಚಕ್ರ ಬಂತು, ಹೊಸ ಟಯರ್ ಬಂತು, ಸೈಕಲ್ ಮಗುಚಿ ಹಾಕಿ ಎಲ್ಲ ಫಿಟ್ ಮಾಡಿ ಬ್ರೇಕ್ ಹಿಡಿದ್ರೆ ಪ್ಯಾಡು ಹೋಗಿ ಟಯರನ್ನು ಉಜ್ಜುತ್ತದೆ. ಹಳೇ ರೇಸ್ ಸೈಕಲ್ಲಿನದ್ದು 27 ಇಂಚಿನ ಚಕ್ರ, ಈಗಿನದ್ದು 700ಸಿ ಅಂತ ಹೇಳುವ ಅಳತೆ. ನೋಡ್ಲಿಕ್ಕೆ ಎರಡೂ ಒಂದೇ, ಟಯರ್ ಕೂರುವ ಜಾಗದ ವ್ಯಾಸ ಮಾತ್ರ ಒಂದರದ್ದು 630, ಇನ್ನೊಂದರದ್ದು 622. ಎಂಟರಲ್ಲಿ ಅರ್ಧ ನಾಲ್ಕು, ಆ ನಾಲ್ಕು ಈಗ ನನ್ನ ಮಂಡೆಯಲ್ಲಿ ಕೂತಿದೆ.

ಹಿಂದಿನ ಚಕ್ರದ್ದು ಬೇರೆಯೇ ಕಥೆ. ಚಕ್ರ ಕೂರುವ ಫ್ರೇಮಿನ ಬಾಯಿ 126 ಮಿಲಿಮೀಟರ್, ಹೊಸ ಚಕ್ರದ ಹಬ್ಬು, ಅಂದ್ರೆ ನಡುವಿನ ಗುಂಬ, 130. ಸೈಕಲ್ ಅಂಗಡಿ ಅಣ್ಣ "ಸ್ಟೀಲಲ್ವಾ, ಎಳೆದ್ರೆ ಬರ್ತದೆ" ಅಂತ ಎರಡೂ ಕಡೆ ಹಿಡಿದು ಅಗಲಿಸಿ ಚಕ್ರ ತೂರಿಸಿಯೇ ಬಿಟ್ರು. ಕಾರ್ಬನ್ ಫ್ರೇಮಿಗೆ ಹೀಗೆ ಮಾಡಿದ್ರೆ ಗೋವಿಂದ.

ಇದೆಲ್ಲ ತಡ್ಕೊಳ್ಬಹುದು. ತಡ್ಕೊಳ್ಲಿಕ್ಕೆ ಆಗದ್ದು ಎದುರು ಮನೆ ಅಂಕಲ್. ಬ್ಯಾಂಕಲ್ಲಿ ಮ್ಯಾನೇಜರ್ ಆಗಿ ರಿಟೈರ್ ಆದವ್ರು, ಆಡಿಟ್ ಮಾಡ್ಲಿಕ್ಕೆ ಈಗ ಬಾಕಿ ಇರುವುದು ನನ್ನ ಸೈಕಲ್ ಒಂದೇ. ಬೆಳಿಗ್ಗೆ ಮಾರ್ಕೆಟ್ಟಿಂದ ಬರುವಾಗ ಗೇಟ್ ತೆಗೆದು ಸೀದಾ ಒಳಗೆ ಬಂದು, ಕೈಯಲ್ಲಿದ್ದ ಚೀಲವನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿ, ಸೊಂಟಕ್ಕೆ ಕೈಕೊಟ್ಟು, "ಈಗ ಓಡ್ತದಾ?" ಅಂತ ಕೇಳುವುದು. ಆ ಬಗ್ಗಿದ ಹ್ಯಾಂಡಲ್ ಮಾಡಿದ್ದೇ ಚೀಲ ನೇತು ಹಾಕ್ಲಿಕ್ಕೆ ಅಂತ ಅವ್ರ ನಂಬಿಕೆ. ಚೀಲದಲ್ಲಿ ಬಸಳೆ ಇದ್ದಷ್ಟು ದಿನ ನಾನೂ ಸುಮ್ಮನಿದ್ದೆ. ಆಗಸ್ಟಲ್ಲಿ ಬೋಟುಗಳು ಮತ್ತೆ ಕಡಲಿಗಿಳಿದವು ನೋಡಿ, ನಿನ್ನೆ ಬಂಗುಡೆ ಬಂತು. ನಾನು ಹ್ಯಾಂಡಲ್ಲಿಗೆ ಬಿಳಿ ಟೇಪು ಸುತ್ತಿ ಆಗಷ್ಟೇ ಕೈ ಒರೆಸಿಕೊಂಡಿದ್ದೆ. ಚೀಲದ ಹೊಟ್ಟೆ ಹ್ಯಾಂಡಲ್ಲಿನ ಕೆಳಗಿನ ಬಾಗಿಗೆ ಒರಗಿ, ಕೆಂಪು ನೀರು ಟೇಪಿನ ಒಂದೊಂದೇ ಸುತ್ತಿಗೆ ಇಳೀತಾ ಉಂಟು, ಇವ್ರು ಬಂಗುಡೆಯ ರೇಟು ಹೇಳ್ತಾ ಇದ್ದಾರೆ. "ಅಂಕಲ್, ಚೀಲ" ಅಂದೆ. "ಹೌದು ಮಾರಾಯ, ಒಳ್ಳೆ ಫ್ರೆಶ್ ಉಂಟು" ಅಂದ್ರು. ಸೋಪು ಹಾಕಿ ತಿಕ್ಕಿದೆ, ಬಿಳಿ ಹೋಗಿ ಒಂಥರಾ ಗುಲಾಬಿ ಆಗಿದೆ. ಮನೆ ಬೆಕ್ಕು ನಿನ್ನೆಯಿಂದ ಸೈಕಲ್ ಬಿಟ್ಟು ಕದಲುವುದಿಲ್ಲ.

ಆಮೇಲೆ ಆಡಿಟ್ ಶುರು. ಇಷ್ಟು ಖರ್ಚು ಮಾಡಿ ಸ್ಟ್ಯಾಂಡ್ ಯಾಕಿಲ್ಲ, ಕ್ಯಾರಿಯರ್ ಯಾಕಿಲ್ಲ, ಮಡ್‌ಗಾರ್ಡ್ ಎಲ್ಲಿ. (ಮಂಗಳೂರಿನ ಮಳೆಯಲ್ಲಿ ಮಡ್‌ಗಾರ್ಡಿನ ಪ್ರಶ್ನೆ ನ್ಯಾಯದ್ದೇ, ಆದ್ರೆ ಅವ್ರ ಎದುರು ಒಪ್ಪಿಕೊಳ್ಳುವವ ನಾನಲ್ಲ.) ಕೊನೆಗೆ, "ಇದ್ರಲ್ಲಿ ಹಳೇದು ಎಂತ ಉಳಿದದ್ದು?"

ಅದಕ್ಕೆ ಮಾತ್ರ ಬಾಯಿ ಬರ್ಲಿಲ್ಲ. ಕೊಂಕಣ ರೈಲು ಇಲ್ಲದ ಕಾಲದಲ್ಲಿ ಮಾವ ಬೊಂಬಾಯಿಂದ ಬಸ್ಸಿನ ಟಾಪಿಗೆ ಕಟ್ಟಿ ತಂದ ಸೈಕಲ್ ಇದು. ಗೇರಿನ ಲಿವರು ಕೆಳಗಿನ ಪೈಪಲ್ಲಿ. ಒಂದು ಕೈ ಬಿಟ್ಟು, ಬಗ್ಗಿ, ಚೈನಿನ ಕಟಕಟ ನಿಲ್ಲುವವರೆಗೆ ಕೂದಲೆಳೆಯಷ್ಟೇ ದೂಡ್ಬೇಕು. ಸೈಕಲ್ ಗೇರು ಮಾಡುವ ಜಪಾನಿನ ಶಿಮಾನೊದವ್ರು ಟಕ್ ಅಂತ ತಾನಾಗಿ ಕೂರುವ ಗೇರನ್ನು 1984ರಲ್ಲೇ ತಂದಿದ್ರು, ಮಾವನಿಗೆ ಅದೆಲ್ಲ ಬೇಡ, ಕದ್ರಿ ಗುಡ್ಡೆ ಹತ್ತುವಾಗಲೂ ಮಾತಾಡ್ತಾ ಮಾತಾಡ್ತಾ ಬೆರಳಲ್ಲೇ ಹುಡುಕಿ ಕೂರಿಸ್ತಿದ್ರು. ಆ ಲಿವರಿನ ಒಂದು ಬದಿ ಸವೆದು ನುಣ್ಣಗಾಗಿದೆ. ಬಿಸ್ಕೆಟ್ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಈಗ ಗೇರು ಬ್ರೇಕಿನ ಹಿಡಿಯಲ್ಲೇ ಉಂಟು, ಬಗ್ಗುವ ಕೆಲಸ ಇಲ್ಲ. ಬ್ರೇಕೂ ಇಲ್ಲ, ಅದು ಬೇರೆ ವಿಷಯ.

ಉದ್ದ ಕೈಯ ಬ್ರೇಕಿಗೆ ಆರ್ಡರ್ ಹಾಕಿದ್ದೇನೆ. ಪಾರ್ಸೆಲ್ ಬೆಂಗಳೂರು ಬಿಟ್ಟಿದೆ ಅಂತ ಟ್ರ್ಯಾಕಿಂಗಲ್ಲಿ ಉಂಟು, ದಾರಿಯ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದಿದೆ ಅಂತ ವಾಟ್ಸಾಪಲ್ಲಿ ಉಂಟು. ಅಂಕಲ್ಲಿಗೆ ಹೇಳಿದೆ. "ಹಾಗಾದ್ರೆ ಒಂದು ವಾರ ಸೈಕಲ್ ಇಲ್ಲೇ ಇರ್ತದಲ್ವಾ" ಅಂದ್ರು, ಮುಖದಲ್ಲಿ ಖುಷಿ ಬೇರೆ. ನಾಳೆ ಬೂತಾಯಿ ಮೀನು ತರ್ತಾರಂತೆ.